ಮಾವನ ಲೇಸರ್

ಮಾವ ಕಟ್ಟಿದ ಲೇಸರನ್ನು ಕಾಯುವುದು ನನ್ನ ಕೆಲಸ. ಮನೆಯಲ್ಲಿ ಸೊಸೆ, ಪ್ರಯೋಗಾಲಯದಲ್ಲಿ ಕಾವಲುಗಾರ್ತಿ. ಎರಡು ಕಡೆಯೂ ಬಾಯಿ ಮುಚ್ಚಿಕೊಂಡಿರುವ ಜಾಯಮಾನ ನನ್ನದಲ್ಲ. ಗಾಳಿ ತೆಗೆದ ಉಕ್ಕಿನ ಪೆಟ್ಟಿಗೆಯೊಳಗೆ ಅದು ನಾಲ್ಕು ವರ್ಷದಿಂದ ಒಂದು ಕ್ಷಣವೂ ಆರದೆ ಉರಿಯುತ್ತಿದೆ. ಆ ಬೆಳಕು ಕಣ್ಣಿಗೆ ಕಾಣುವಂಥದ್ದಲ್ಲ, ಕಾಣುವುದು ಅದರ ಬಲ ಅಳೆಯುವ ಮೀಟರಿನ ಮೇಲಿನ ಅಂಕಿ ಮಾತ್ರ. ತಮ್ಮ ಮಗನ ಮುಖಕ್ಕಿಂತ ಈ ಸೊಸೆ ಮೀಟರಿನ ಮುಖವನ್ನೇ ಹೆಚ್ಚು ನೋಡಿದ್ದಾಳೆ ಎಂದು ಅತ್ತೆ ಕಾಲೆಳೆಯುತ್ತಿದ್ದರು.

ಮುಂದೊಂದು ದಿನ ಇಂಥವೇ ಲೇಸರುಗಳನ್ನು ಹೊತ್ತ ಮೂರು ನೌಕೆಗಳು ಬಾಹ್ಯಾಕಾಶದಲ್ಲಿ ಲಕ್ಷಾಂತರ ಕಿಲೋಮೀಟರ್ ಅಂತರದಲ್ಲಿ ನಿಂತು ಒಂದಕ್ಕೊಂದು ಬೆಳಕು ಕಳಿಸಲಿವೆ. ಎಲ್ಲೋ ಎರಡು ಕಪ್ಪುಕುಳಿಗಳು ಒಂದಾದಾಗ ಏಳುವ ಗುರುತ್ವದ ಅಲೆ ಆ ಅಂತರವನ್ನು ಪರಮಾಣುವಿನ ಅಗಲಕ್ಕಿಂತ ಕಡಿಮೆ ಅಲುಗಿಸುತ್ತದೆ. ಹಿಡಿಯಬೇಕಾದದ್ದು ಅದನ್ನು. ರಿಪೇರಿಗೆಂದು ಅಲ್ಲಿಗೆ ಯಾರೂ ಹೋಗಲಾರರು, ಹಾಗಾಗಿ ಇಲ್ಲೇ ವರ್ಷಗಟ್ಟಲೆ ಉರಿಸಿ ನೋಡುತ್ತೇವೆ.

ಮಾವ ಹಾಸಿಗೆ ಹಿಡಿದು ಮೂರು ತಿಂಗಳಾಯಿತು. ಹೋದ ವಾರ ಡಾಕ್ಟರು ನನ್ನ ಗಂಡನನ್ನು ಪಕ್ಕಕ್ಕೆ ಕರೆದು, ಹೆಚ್ಚೆಂದರೆ ಆರು ವಾರ ಎಂದರು. ಮಾವನಿಗೆ ಹೇಳುವುದು ಬೇಡವೆಂದು ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತೇ ಅತ್ತೆ, ಗಂಡ, ನಾನು ಮೂವರೂ ಮಾತಾಡಿಕೊಂಡೆವು. ಅಂದಿನಿಂದ ಎಲ್ಲರದೂ ಒಂದೇ ಪಾಠ: ಇವತ್ತು ಪರವಾಗಿಲ್ಲ, ಮುಖದಲ್ಲಿ ಕಳೆ ಬಂದಿದೆ. ಹಾಗನ್ನುವಾಗ ಅತ್ತೆ ದಿಂಬು ಸರಿಪಡಿಸುತ್ತಾರೆ, ಗಂಡ ಕಿಟಕಿಯತ್ತ ನೋಡುತ್ತಾನೆ. ನಾನು ಸಂಜೆ ಬಂದವಳೇ ಆ ದಿನದ ಅಂಕಿ ಹೇಳುತ್ತಿದ್ದೆ, ಬಿಂದುವಿನ ಆಚೆಯ ಆರು ಅಂಕಿಗಳ ಸಮೇತ. ಅದೊಂದನ್ನು ಮಾತ್ರ ಮಾವ ಕಿವಿಗೊಟ್ಟು ಕೇಳುತ್ತಿದ್ದರು.

ಮಂಗಳವಾರ ಅಂಕಿ ಇಳಿಯಿತು. ಬೇರೆ ಮೀಟರ್ ಹಚ್ಚಿದೆ, ಅದೂ ಅದನ್ನೇ ಹೇಳಿತು. ಮಧ್ಯಾಹ್ನಕ್ಕೆ ಇನ್ನಷ್ಟು ಇಳಿದಿತ್ತು. ಮಾವನ ಇಪ್ಪತ್ತು ವರ್ಷದ ದುಡಿಮೆ ಮಣ್ಣುಪಾಲಾಯಿತಲ್ಲ ಎಂದು ಬಸ್ಸಿನಲ್ಲಿ ಕೂತು ಅತ್ತುಬಿಟ್ಟೆ. ಸಾಯುವ ಮನುಷ್ಯನಿಗೆ ಇದನ್ನು ಹೇಳಿ ಏನು ಸಾಧಿಸುವುದಿದೆ? ಮಂಚದ ಬಳಿ ನಿಂತು ಸೋಮವಾರದ ಅಂಕಿಯನ್ನೇ ಹೇಳಿದೆ.

ಮಾವ ನನ್ನತ್ತ ತಲೆ ತಿರುಗಿಸಿದರು.

"ನಿನ್ನೇನೂ ಇದನ್ನೇ ಹೇಳಿದ್ದೆ," ಅಂದರು. "ಆರಕ್ಕೆ ಆರೂ ಅಂಕಿ ಎರಡು ದಿನ ಒಂದೇ ಥರ ಬರಲ್ಲ ಕಣಮ್ಮ."

ನಾಲ್ಕು ವರ್ಷ ಆ ಕೊನೆಯ ಅಂಕಿಗಳು ಕ್ಷಣಕ್ಷಣಕ್ಕೂ ಬದಲಾಗುವುದನ್ನು ನೋಡಿದವಳು ನಾನು, ಸುಳ್ಳು ಹೇಳುವಾಗ ಅದೇ ಮರೆತಿತ್ತು. ನಾಚಿಕೆಯಿಂದ ಭೂಮಿಗಿಳಿದು ಹೋದೆ. ನಡೆದದ್ದನ್ನೆಲ್ಲ ಹೇಳಿದೆ. ಅವರು ರೇಗಲಿಲ್ಲ. ಎಷ್ಟು ಹೊತ್ತಿನಲ್ಲಿ ಎಷ್ಟು ಇಳಿಯಿತೆಂದು ಕೇಳಿ, ಪೆಟ್ಟಿಗೆಯೊಳಗೆ ಕನ್ನಡಿ ಕೂರಿಸಿದ ಅಂಟು ಆವಿಯಾಗಿ ಆ ಕನ್ನಡಿಯ ಗಾಜಿನ ಮೇಲೆ ಕೂತು ಅದನ್ನು ಮಸುಕು ಮಾಡುತ್ತಿರಬೇಕು ಎಂದರು. ಆ ಅಂಟನ್ನು ಆರಿಸಿದ್ದು ತಾವೇ, ವರದಿಯಲ್ಲಿ ಅದನ್ನು ಬಿಡದೆ ಬರೆ, ಮುಂದಿನವರು ಬೇರೆ ಅಂಟು ಹುಡುಕಲಿ ಎಂದರು.

ಆಮೇಲೆ ನನ್ನ ಕೈ ಹಿಡಿದುಕೊಂಡರು.

"ಈ ಮನೇಲಿ ಎಲ್ಲರೂ ನಂಗೆ ದಿನಾ ಒಂದೇ ಮಾತು ಹೇಳ್ತಾರೆ. ನೀನೊಬ್ಬಳು ನಿಜ ಹೇಳ್ತಿದ್ದೆ. ಈಗ ನಂದೂ ಹೇಳಿಬಿಡು."

ಬಾಗಿಲಲ್ಲಿ ಅತ್ತೆ ಮಾತ್ರೆ, ನೀರು ಹಿಡಿದು ನಿಂತಿದ್ದರು. ಬೇಡ ಎಂಬಂತೆ ತಲೆಯಾಡಿಸಿದರು. ಗಂಡನಿಗೆ ಕೊಟ್ಟ ಮಾತೂ ನೆನಪಿತ್ತು. ಆದರೆ ಒಂದೇ ದಿನ ಅವರಿಗೆ ಎರಡನೇ ಸುಳ್ಳು ಹೇಳಲು ನನ್ನ ನಾಲಿಗೆ ಹೊರಳಲಿಲ್ಲ.

"ಆರು ವಾರ ಅಂದಿದ್ರು, ಮಾವ. ಅದರಲ್ಲಿ ಒಂದು ಕಳೀತು."

ಅವರು ಕಣ್ಣು ಮುಚ್ಚಿ, ಮೆಲ್ಲಗೆ ತಲೆದೂಗಿದರು. ಅತ್ತೆ ಲೋಟವನ್ನು ನೆಲಕ್ಕಿಟ್ಟು, ಮಂಚದ ತುದಿಯಲ್ಲಿ ಕುಸಿದು ಕೂತು ಬಿಕ್ಕಿ ಬಿಕ್ಕಿ ಅಳತೊಡಗಿದರು. ಮಾವ ಕಷ್ಟಪಟ್ಟು ತೋಳು ಚಾಚಿ ಅವರ ಬೆನ್ನು ಸವರಿದರು.

"ವಾರದಿಂದ ಅಡುಗೆಮನೇಲಿ ಒಬ್ಬಳೇ ಅಳ್ತಿದ್ದೆಯಲ್ಲ," ಅಂದರು. "ಇನ್ಮೇಲೆ ಇಲ್ಲೇ ಅಳು."