ಒಂದೇ ಸೀಸೆಯಲ್ಲಿ ಎಂಟು ತುಣುಕು

ಆಸ್ಪತ್ರೆಯ ಕರುಳಿನ ಡಾಕ್ಟರಿಗೆ ಹದ್ದಿನಕಣ್ಣು ಎಂಬ ಅಡ್ಡಹೆಸರಿತ್ತು. ಇಟ್ಟವರು ಬೇರೆ ಯಾರೂ ಅಲ್ಲ, ಅವರೇ. ಕೊಳವೆಯ ತುದಿಯ ಕ್ಯಾಮೆರಾವನ್ನು ಒಳಗೆ ಬಿಟ್ಟು ಅರೆಗಳಿಗೆ ಪರದೆ ನೋಡಿದರೆ ಸಾಕು, ಕಾಯಿಲೆಯ ಜಾತಕವನ್ನೇ ಹೇಳಿಬಿಡುತ್ತಿದ್ದರು. ಬಯಾಪ್ಸಿಗೆಂದು ಚಿವುಟಿ ತೆಗೆದ ತುಣುಕುಗಳನ್ನು ಲ್ಯಾಬಿಗೆ ಕಳಿಸುತ್ತಿದ್ದದ್ದು ಮಾತ್ರ, ದೊಡ್ಡವರು ಚಿಕ್ಕವರ ಮದುವೆಗೆ ಹೋದಂತೆ, ಬರೀ ಮರ್ಯಾದೆಗೆ.

ಆ ತುಣುಕುಗಳನ್ನು ನೋಡುವವರು ನೆಲಮಾಳಿಗೆಯ ಲ್ಯಾಬಿನ ತುಣುಕಮ್ಮ. ಇಪ್ಪತ್ತಾರು ವರ್ಷ ಮೈಕ್ರೋಸ್ಕೋಪಿಗೆ ಕಣ್ಣಿಟ್ಟು, ಇರುವೆಗೆ ಹಲ್ಲುನೋವು ಬಂದರೂ ಯಾವ ಹಲ್ಲೆಂದು ಹೇಳಬಲ್ಲವರು. ಆ ಶನಿವಾರ ಅವರ ಮೇಜಿಗೆ ಒಂದು ಸೀಸೆ ಬಂತು. ಒಳಗೆ, ಕೆಡದಂತೆ ಕಾಯುವ ಫಾರ್ಮಲಿನ್‌ನಲ್ಲಿ ಎಂಟು ತುಣುಕು, ಒಂದೊಂದೂ ಅಕ್ಕಿನುಚ್ಚಿನಷ್ಟು. ಜೊತೆಗಿದ್ದ ಚೀಟಿಯಲ್ಲಿ: ‘ಅಲ್ಸರೇಟಿವ್ ಕೊಲೈಟಿಸ್. ಗುರುವಾರ ದೊಡ್ಡ ಕರುಳು ಪೂರ್ತಿ ತೆಗೆಯುವುದು. ದೃಢಪಡಿಸಿ.’

ಸೋಮವಾರ ಬೆಳಿಗ್ಗೆ ತುಣುಕಮ್ಮ ಅವನ್ನು ಮೈಕ್ರೋಸ್ಕೋಪಿನಡಿ ನೋಡಿದರು. ಐದು ತುಣುಕು ಊದಿಕೊಂಡು ಕೆಂಡವಾಗಿದ್ದವು. ಮೂರು ಮಾತ್ರ ಹಸುಗೂಸಿನ ಕೆನ್ನೆಯಂತೆ ನಯ. ಆದರೆ ಯಾವುದು ಕರುಳಿನ ಯಾವ ಜಾಗದ್ದು?

ಫೋನೆತ್ತಿದರು. “ಸಾರ್, ಎಂಟನ್ನೂ ಒಂದೇ ಸೀಸೆಗೆ ಹಾಕಿದ್ದೀರಲ್ಲ?”

“ಎಂಟೂ ಒಬ್ಬನದೇ ಅಲ್ವೇನಮ್ಮ! ಎಂಟು ಸೀಸೆ ಯಾಕೆ, ಜಗಳ ಆಡ್ತಾವಾ? ಕಾಯಿಲೆ ನಾನು ಕಣ್ಣಾರೆ ಕಂಡಾಗಿದೆ. ನೀನು ಸಹಿ ಹಾಕು.”

“ಕೆಳಗಿಂದ ಮೇಲಕ್ಕೆ ಸಾಲಾಗಿ ಕೆಟ್ಟಿದ್ರೆ ನೀವು ಹೇಳಿದ ಕಾಯಿಲೆ, ದೊಡ್ಡ ಕರುಳಲ್ಲೇ ಇರೋ ಹುಣ್ಣು. ಅಲ್ಲೊಂದು ಇಲ್ಲೊಂದು ಬಿಟ್ಟುಬಿಟ್ಟು ಕೆಟ್ಟಿದ್ರೆ ಅದು ಬೇರೆ ಕಾಯಿಲೆ, ಕ್ರೋನ್ಸ್. ಅದಾಗಿದ್ರೆ ದೊಡ್ಡ ಕರುಳು ಕಿತ್ತರೂ ಸಣ್ಣ ಕರುಳಲ್ಲಿ ಹೋಗಿ ಕೂರುತ್ತೆ. ಸಹಿ ಹಾಕಲ್ಲ ಸಾರ್.”

ಆ ಕಡೆಯಿಂದ ಬಂದ ಮಾತಿಗೆ ಫೋನೇ ಬೆವರಿತಂತೆ.

ವರದಿ ಎಲ್ಲಿ ಎಂದು ಕೇಳಲು ಮಧ್ಯಾಹ್ನ ರೋಗಿಯೇ ಕೆಳಗಿಳಿದು ಬಂದ. ಅಂಚೆಯವನು. ಆರು ತಿಂಗಳ ರಕ್ತಭೇದಿ ಅವನನ್ನು ಎಷ್ಟು ಒಣಗಿಸಿತ್ತೆಂದರೆ, ಸ್ಟಾಂಪು ಅಂಟಿಸಿದರೆ ಅವನನ್ನೇ ಡಬ್ಬಕ್ಕೆ ಹಾಕಬಹುದಿತ್ತು.

“ಅಕ್ಕಾ, ಗುರುವಾರ ನನ್ನ ಕರುಳು ತೆಗೀತಾರಂತೆ. ಆಮೇಲೆ ಮಲ ತುಂಬೋಕೆ ಹೊಟ್ಟೆಗೆ ಚೀಲ ಕಟ್ತಾರಂತೆ. ಹೆಗಲಿಗೊಂದು ಚೀಲ ಸಾಲದಾ ನಂಗೆ? ತೆಗೀಲೇಬೇಕಾ?”

ತುಣುಕಮ್ಮ ಸೀಸೆ ತೋರಿಸಿ, ಇದ್ದದ್ದನ್ನು ಇದ್ದಹಾಗೆ ಹೇಳಿದರು.

ಅವನು ಬಾಯಿ ಬಿಟ್ಟುಕೊಂಡು ನಿಂತ. “ವಿಳಾಸಾನೇ ಬರೆದಿಲ್ವಾ? ನಮ್ಮಲ್ಲಿ ಹಿಂಗೆ ಕೊಟ್ರೆ ಮುಖಕ್ಕೆ ವಾಪಸ್ ಎಸೀತೀವಲ್ಲಕ್ಕಾ!”

“ಇನ್ನೊಂದ್ಸಲ ಕೊಳವೆ ಬಿಟ್ಟು, ಬೇರೆಬೇರೆ ಸೀಸೇಲಿ ಕಳಿಸಿದ್ರೆ ಹೇಳ್ತೀನಿ ತಮ್ಮಾ.”

“ಅಂದ್ರೆ ಕರುಳು ತೊಳೆಯೋ ಆ ಭೇದಿ ನೀರನ್ನ ಮತ್ತೆ ಬಿಂದಿಗೆಗಟ್ಲೆ ಕುಡೀಬೇಕಾ?” ಅವನ ಮುಖ ಹುಳಿ ಕಚ್ಚಿದಂತಾಯಿತು. “ಕುಡೀತೀನಿ. ಸಮುದ್ರ ಆದ್ರೂ ಕುಡೀತೀನಿ.”

ನೆಟ್ಟಗೆ ಮೇಲೆ ಹೋದವನು ಹದ್ದಿನಕಣ್ಣಿನ ಬಾಗಿಲಲ್ಲಿ ಕುರ್ಚಿ ಹಾಕಿ ಕೂತ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಲಿಲ್ಲ. ಬಂದುಹೋಗುವ ರೋಗಿಗಳಿಗೆಲ್ಲ, “ಸೀಸೆ ಮೇಲೆ ವಿಳಾಸ ಬರೆಸ್ಕೊಳ್ಳಿ” ಎಂದು ಪುಕ್ಕಟೆ ಬುದ್ಧಿ ಹೇಳತೊಡಗಿದ. ಎರಡು ತಾಸಿಗೆ ಡಾಕ್ಟರು ಸೋತು, ಮತ್ತೆ ಕೊಳವೆ ಬಿಡಲು ಒಪ್ಪಿದರು.

ಬುಧವಾರ ಆರು ಸೀಸೆ ಬಂದವು, ಒಂದೊಂದಕ್ಕೂ ಚೀಟಿ. ಅಕ್ಷರ ಎಷ್ಟು ದುಂಡಗಿತ್ತೆಂದರೆ ಡಾಕ್ಟರು ಬರೆದದ್ದಲ್ಲವೆಂದು ಕುರುಡನಿಗೂ ಗೊತ್ತಾಗುತ್ತಿತ್ತು. ತುಣುಕುಗಳನ್ನು ಮೇಣದಲ್ಲಿ ಕೂರಿಸಿ, ಉಸಿರು ತಾಕಿದರೆ ಹಾರಿಹೋಗುವಷ್ಟು ತೆಳ್ಳಗೆ ಸೀಳಿ, ಬಣ್ಣ ಹಾಕಿ, ತುಣುಕಮ್ಮ ಗುರುವಾರ ಬೆಳಗಿನ ಹೊತ್ತಿಗೆ ನೋಡಿ ಮುಗಿಸಿದರು. ಗುದನಾಳದ ತುಣುಕು ನಿರ್ಮಲ. ಅದರ ಮೇಲಿನದು ಕೆಂಡ. ಅದರಾಚೆಯದು ಮತ್ತೆ ನಿರ್ಮಲ. ಸಣ್ಣ ಕರುಳಿನ ತುದಿಯಲ್ಲಿ ಕ್ರೋನ್ಸ್‌ನ ಗುರುತಾದ ಜೀವಕೋಶಗಳ ಗಂಟು, ಊರಗೌಡನ ಹಾಗೆ ಕಾಲುಚಾಚಿ ಕೂತಿತ್ತು.

ವರದಿಯನ್ನು ಅವರೇ ಮೇಲಕ್ಕೆ ಒಯ್ದರು. ಹದ್ದಿನಕಣ್ಣು ಎರಡು ಸಲ ಓದಿ, ಗಂಟಲು ಸರಿಮಾಡಿಕೊಂಡು, ಬಾಗಿಲಲ್ಲೇ ಕಾದಿದ್ದ ಅಂಚೆಯವನಿಗೆ ಹೇಳಿದರು: “ಆಪರೇಷನ್ ಬೇಡ. ನಂಗೆ ಮೊದಲಿಂದ್ಲೂ ಇದೇ ಅನುಮಾನ ಇತ್ತು.”

“ಇತ್ತಾ ಸಾರ್? ಮತ್ತೆ ಇವತ್ತು ಕತ್ತರಿ ಮಸೀತಿದ್ದದ್ದು ಯಾರ ಕರುಳಿಗೆ?”

ಡಾಕ್ಟರಿಗೆ ಆ ಕ್ಷಣವೇ ಬೇರೆ ವಾರ್ಡಿನಲ್ಲಿ ತುರ್ತು ಕೆಲಸ ನೆನಪಾಯಿತು.

ಅಂಚೆಯವನು ತುಣುಕಮ್ಮನ ಕಡೆ ತಿರುಗಿದ. “ಗುಣ ಆಗುತ್ತಾ ಅಕ್ಕಾ?”

ಈಗ ಸುಳ್ಳು ಹೇಳಿದ್ದರೆ ಇಬ್ಬರಿಗೂ ಹಿತವಾಗಿರುತ್ತಿತ್ತು. ಅವರು ಹೇಳಲಿಲ್ಲ. “ಪೂರ್ತಿ ಹೋಗಲ್ಲ ತಮ್ಮಾ. ಔಷಧಿ ತಗೋತಾ ಅದನ್ನ ಹದ್ದುಬಸ್ತಲ್ಲಿ ಇಟ್ಕೊಂಡು ಬಾಳ್ಬೇಕು.”

ಅವನು ಹೊಟ್ಟೆಯನ್ನು ಮೆಲ್ಲಗೆ ತಟ್ಟಿಕೊಂಡ. “ನಮ್ಮ ಪೋಸ್ಟ್‌ಮಾಸ್ಟರ್ ಜೊತೆ ಹದಿನೇಳು ವರ್ಷ ಬಾಳಿದ್ದೀನಿ. ಇದ್ಯಾವ ಮಹಾ! ಔಷಧಿ ಚೀಟಿ ಕೊಡಿಸಿ.”