ಬೈಲಣ್ಣನ ಜೈಲುವಾಸ

ಗರುಡಾಚಾರ್‌ಪಾಳ್ಯದಲ್ಲಿ ಬೈಲಪ್ಪನಿಗಿದ್ದ ಮರ್ಯಾದೆ ಜಮೀನಿಂದ ಬಂದದ್ದಲ್ಲ, ಜೈಲಿಂದ ಬಂದದ್ದು. ಎಪ್ಪತ್ತೇಳರಲ್ಲಿ ಊರಕೆರೆ ಅಳೆಯೋಕೆ ಬಂದ ಸರ್ವೇಯರನ್ನ ಕೆಸರಿಗೆ ತಳ್ಳಿ, ಪೊಲೀಸರು ಹುಡುಕಿಕೊಂಡು ಬಂದ ದಿನವೇ ಮಾಯವಾದವನು, ಮೂರು ತಿಂಗಳ ಮೇಲೆ ಕಡ್ಡಿಯಂತೆ ಒಣಗಿ ಬಸ್ಸಿಳಿದ. ಪಾಪ, ಊರಿಗೋಸ್ಕರ ಜೈಲು ಕಂಡು ಬಂದ ಅಂತ ಜನ ತಾವೇ ತೀರ್ಮಾನ ಮಾಡಿಬಿಟ್ಟರು. ಪಕ್ಕದ ಮನೆ ಮುನಿರಾಜಪ್ಪ ಓಡಿಹೋಗಿ ಗುಡಿಯಿಂದ ಹಾರ ತಂದು ಹಾಕಿಯೂಬಿಟ್ಟ. ಹಾರ ಬಿದ್ದ ಕೊರಳಿಂದ 'ಇಲ್ಲ' ಅನ್ನೋ ಮಾತು ಹೊರಡುತ್ತದೆಯೇ? ಹೊರಡಲಿಲ್ಲ.

ನಿಜ ಏನಪ್ಪಾ ಅಂದರೆ, ಅವನು ಮುಳಬಾಗಿಲಲ್ಲಿ ಹೆಂಡತಿಯ ಅಕ್ಕನ ಮನೇಲಿ ಕಾಮಾಲೆ ಬಂದು ಮಲಗಿದ್ದ. ಊರಲ್ಲಿ ಅದು ಗೊತ್ತಿದ್ದವಳು ಆರೈಕೆ ಮಾಡಿದ ಹೆಂಡತಿ ಮಾರಕ್ಕ ಒಬ್ಬಳೇ. ಅವಳು ಇಪ್ಪತ್ತೇಳು ವರ್ಷ ಬಾಯಿ ಬಿಡಲಿಲ್ಲ.

ಎರಡು ಸಾವಿರದ ನಾಲ್ಕರಲ್ಲಿ ಊರಿನ ಹನ್ನೆರಡು ಜನ ಸಿಂಗಾಪುರಕ್ಕೆ ಟೂರ್ ಹೊರಟರು. ಮಾರಕ್ಕನ ಸಂಭ್ರಮ ಕೇಳಬೇಡಿ! ಕೊಟ್ಟಿಗೆ ಮೇಲೆ ಹಾರಿಹೋಗೋ ವಿಮಾನಗಳನ್ನ ಅಷ್ಟೂ ವರ್ಷ ಕತ್ತೆತ್ತಿ ನೋಡಿದವಳು ಅವಳು. ವಿಮಾನದಲ್ಲಿ ಕೊಟ್ಟ ಫಾರಂಗಳನ್ನ ಇಂಗ್ಲಿಷ್ ಬರೋ ಮುನಿರಾಜಪ್ಪನೇ ಎಲ್ಲರಿಗೂ ತುಂಬಿದ. ಶಿಕ್ಷೆ, ಜೈಲು ಏನಾದರೂ ಆಗಿದೆಯಾ ಅಂತ ಒಂದು ಪ್ರಶ್ನೆ ಇತ್ತು. ಬೈಲಪ್ಪನ ಫಾರಂ ಬಂದಾಗ ಮುನಿರಾಜಪ್ಪನ ಮುಖ ಅರಳಿತು. ಹೌದು ಅನ್ನೋ ಕಡೆ ಒತ್ತಿ ಗುರುತು ಹಾಕಿ, "ಸೈನ್ ಹಾಕಣ್ಣಾ" ಅಂದ. ಬೈಲಪ್ಪ ಓದದೆ ಹಾಕಿದ.

ಸಿಂಗಾಪುರದ ಕೌಂಟರಿನಲ್ಲಿ ಕೂತಿದ್ದ ಹೆಂಗಸು ಫಾರಂ ನೋಡಿದವಳೇ ತಮಿಳಲ್ಲಿ ಕೇಳಿದಳು, "ಏನು ಕೇಸು? ಜೈಲಿಗೆ ಹೋಗಿದ್ದರೆ ಒಳಗೆ ಬಿಡೋದು ಕಷ್ಟ. ಮುಂದಿನ ವಿಮಾನಕ್ಕೇ ವಾಪಸ್ ಹೋಗಬೇಕಾಗುತ್ತೆ."

ಹಲಸೂರಿನ ಸಂತೆಯಲ್ಲಿ ತರಕಾರಿ ಮಾರಿದ ಬೈಲಪ್ಪನಿಗೆ ತಮಿಳು ನೀರು ಕುಡಿದಷ್ಟು ಸಲೀಸು. ಆದರೆ ಬೆನ್ನ ಹಿಂದೆ ಊರಿಗೆ ಊರೇ ನಿಂತಿದೆ. ಪಕ್ಕದಲ್ಲಿ ಮಾರಕ್ಕ, ಹೊಸ ಸೀರೆ, ಕಣ್ಣಲ್ಲಿ ನೀರು. ಅವಳ ಮುಖ ನೋಡಿದ ಮೇಲೆ ಇನ್ನೇನು ಉಳಿಯಿತು?

"ಜೈಲಿಗೆ ಹೋಗಿಲ್ಲಮ್ಮಾ," ಅಂದ. "ಕಾಮಾಲೆ ಆಗಿತ್ತು."

"ಮೇಡಂ, ನಂಬಬೇಡಿ!" ಮುನಿರಾಜಪ್ಪ ಹಿಂದಿನಿಂದ ನುಗ್ಗಿ ಬಂದ. "ದೊಡ್ಡ ಮನುಷ್ಯ, ತನ್ನ ಬಗ್ಗೆ ತಾನು ಹೇಳ್ಕೊಳಲ್ಲ. ಮೂರು ತಿಂಗಳು ಒಳಗಿದ್ದ. ಹಾರ ಹಾಕಿದವನು ನಾನೇ!"

"ಲೋ ಮುನಿರಾಜಾ, ಸುಮ್ನಿರೋ ನಿನ್ನ ದಮ್ಮಯ್ಯ!"

ಆಫೀಸರ್ ಹೆಂಗಸು ಒಬ್ಬರಾದ ಮೇಲೆ ಒಬ್ಬರ ಮುಖ ನೋಡಿದಳು. ಕೊನೆಗೆ ಮಾರಕ್ಕನ ಕಡೆ ತಿರುಗಿ, "ಕಾಮಾಲೆಗೆ ಏನಮ್ಮಾ ಕೊಟ್ಟಿರಿ?" ಅಂದಳು.

"ನೆಲನೆಲ್ಲಿ, ಇನ್ನೇನು? ಬೇರುಸಮೇತ ಅರೆದು, ಮಜ್ಜಿಗೇಲಿ ಕದಡಿ, ಬರೀ ಹೊಟ್ಟೆಗೆ. ಉಪ್ಪಿಲ್ಲ, ಎಣ್ಣೆ ಇಲ್ಲ. ಈ ಮಹಾರಾಯ ಮಜ್ಜಿಗೆ ಕುಡಿಯೋಕೂ ಅಳ್ತಿದ್ದ. ಹೊರಗೆ ಹೋದ್ರೆ ಪೊಲೀಸ್ರು ಹಿಡೀತಾರೆ ಅಂತ ಬಾಗ್ಲು ಬೇರೆ ಹಾಕ್ಕೊಂಡಿದ್ವಿ. ಕೇಸೇ ಬಿದ್ದುಹೋಗಿತ್ತಂತೆ, ಆಮೇಲೆ ಗೊತ್ತಾಯ್ತು. ಅವತ್ತಿಂದ ನಾನು ಜೈಲಿಗೆ ಹೋದವನ ಹೆಂಡ್ತಿ!"

ಆಫೀಸರಿಗೆ ನಗು ತಡೆಯಲಾಗಲಿಲ್ಲ. "ನಮ್ಮ ಅಜ್ಜಿಯೂ ಮಜ್ಜಿಗೇಲೇ ಕೊಡ್ತಿದ್ದಳು," ಅಂದಳು. ಒಳಗೆ ಹೋಗಿ ದೊಡ್ಡ ಆಫೀಸರನ್ನ ಕೇಳಿ ಬಂದು, ಬೇರೆ ಫಾರಂ ಬರೆಸಿ, ಟಪ್ ಅಂತ ಸೀಲು ಒತ್ತಿದಳು.

ಮುನಿರಾಜಪ್ಪನ ಮುಖ ಮಾತ್ರ ಇಂಗು ತಿಂದ ಮಂಗನ ಹಾಗಾಗಿತ್ತು. "ಬೈಲಣ್ಣಾ, ಅವತ್ತಿನ ಹಾರ?" ಅಂದ ಮೆಲ್ಲಗೆ.

ಹೊರಗೆ ಟೂರ್ ಕಂಪನಿಯವರು ಎಲ್ಲರ ಕೊರಳಿಗೂ ಹೂವಿನ ಹಾರ ಹಾಕಿ ಸ್ವಾಗತ ಮಾಡುತ್ತಿದ್ದರು. ಬೈಲಪ್ಪ ತನ್ನದನ್ನ ತೆಗೆದು, ಎಲ್ಲರೂ ನೋಡುತ್ತಿದ್ದ ಹಾಗೇ ಮಾರಕ್ಕನ ಕೊರಳಿಗೆ ಹಾಕಿದ.

"ಅದು ಇವಳಿಗೆ ಸೇರಬೇಕಿತ್ತು ಕಣೋ," ಅಂದ.

"ಥೂ, ಈ ವಯಸ್ಸಲ್ಲಿ ನಿಮ್ಗೇನ್ರೀ ಬಂತು!" ಅಂತ ಮಾರಕ್ಕ ಬೈದಳು. ಎರಡೂ ಹಾರ ಹೋಟೆಲಲ್ಲಿ ಮಲಗೋವರೆಗೂ ಅವಳ ಕೊರಳಲ್ಲೇ ಇದ್ದವು.