ಮೂರು ಗೇಣು, ನಾಲ್ಕು ಬೆರಳು

ಯಸವತಿ ಮಂಚದ ಪಕ್ಕ ಮಂಡಿಯೂರಿ ಗೇಣು ಹಾಕುತ್ತಿದ್ದಳು. ನೆಲಕ್ಕೆ ಹೆಬ್ಬೆರಳು ಊರಿ, ಕಿರುಬೆರಳನ್ನು ಮೇಲಕ್ಕೆ ಚಾಚಿ, ಅದು ಮುಟ್ಟಿದಲ್ಲಿಂದ ಮತ್ತೆ ಹೆಬ್ಬೆರಳು. ನಲವತ್ತು ವರ್ಷ ತೆಂಗಿನ ನಾರು ಹೊಸೆದು ಹಗ್ಗ ಅಳೆದ ಕೈ ಅದು, ತಪ್ಪುವಂತಿರಲಿಲ್ಲ.

"ಮೂರು ಗೇಣು," ಅಂದಳು. "ಮೇಲೆ ನಾಲ್ಕು ಬೆರಳು."

"ಮಂಚ ಆಮೇಲೆ ಅಳೆ ಅಕ್ಕಾ. ಮೊದಲು ಇಲ್ಲಿ ಬಾ, ನೋಡು."

ಅನೋಮಾ ಪರದೆಯ ಹುರಿ ಎಳೆದಳು. ಕಿಟಕಿ ಗೋಡೆಯಷ್ಟಗಲ ಇತ್ತು. ಕೆಳಗೆ ಕ್ಯಾಂಡಿಯ ಕೆರೆ, ಆಚೆ ದಡದಲ್ಲಿ ಬಿಳಿ ಗೋಡೆ, ಅದರ ಹಿಂದೆ ಬುದ್ಧನ ದಂತಧಾತು ಇರುವ ಮಾಳಿಗಾವ ದೇಗುಲದ ಚಿನ್ನದ ಚಾವಣಿ. ಈ ಕಿಟಕಿಗಾಗಿಯೇ ಅವಳು ಈ ರೂಮು ಕೇಳಿದ್ದಳು. ಇದೇ ಹೋಟೆಲಿನಲ್ಲಿ ಬೆಟ್ಟದ ಕಡೆ ಮುಖ ಮಾಡಿದ ಅಗ್ಗದ ರೂಮುಗಳಿದ್ದವು, ಬೇಡ ಅಂದಿದ್ದಳು.

ಯಸವತಿ ನಿಂತಲ್ಲಿಂದಲೇ ಚಾವಣಿಗೆ ಕೈ ಮುಗಿದಳು. ಆಮೇಲೆ ಮತ್ತೆ ಮಂಚದ ಕಡೆ ತಿರುಗಿದಳು. ಅದರ ನಡುವೆ ಯಾರೋ ಟವಲು ಮಡಿಸಿ ಮಾಡಿದ ಬಾತುಕೋಳಿಯೊಂದು ಕತ್ತು ಬಾಗಿಸಿ ಕೂತಿತ್ತು.

"ಇದರ ಮೇಲೆ ನಾನು ಮಲಗೋ ಹಾಗಿಲ್ಲ ಕಣೇ."

"ಯಾಕೆ? ಬೀಳ್ತೀಯಾ?"

"ಬೆಳಿಗ್ಗೆ ಶೀಲ ತಗೊಂಡೆನಲ್ಲ. ಎಂಟು. ಎತ್ತರದ ಮಂಚ, ಮೆತ್ತನೆ ಹಾಸಿಗೆ ಆಗಲ್ಲ."

ಅನೋಮಾಳ ಕೈ ಪರದೆಯ ಹುರಿಯ ಮೇಲೆಯೇ ನಿಂತಿತು.

ಇವತ್ತು ಹುಣ್ಣಿಮೆ. ದ್ವೀಪದ ಅರ್ಧ ಹೆಂಗಸರು ಬಿಳಿ ಉಟ್ಟು ಎಂಟು ಶೀಲದ ವ್ರತ ತೆಗೆದುಕೊಳ್ಳುವ ದಿನ. ಮಧ್ಯಾಹ್ನದ ಮೇಲೆ ಊಟವಿಲ್ಲ, ಸೋಸಿದ ಪಾನಕ ಮಾತ್ರ; ಮರುದಿನ ಬೆಳಗಿನವರೆಗೆ ಚಾಪೆಯೇ ಹಾಸಿಗೆ. ಉಳಿದ ದಿನಗಳಿಗೆ ಐದೇ ಶೀಲ, ಅದರಲ್ಲಿ ಊಟದ್ದೂ ಹಾಸಿಗೆಯದೂ ಕಟ್ಟಿಲ್ಲ. ಮೂರು ವರ್ಷದ ಮಗುವಿಗೂ ಗೊತ್ತಿರುವುದು. ಬೆಳಿಗ್ಗೆ ಮಾಳಿಗಾವದ ಮಂಟಪದಲ್ಲಿ ಭಿಕ್ಷು ಒಂದೊಂದೇ ಶೀಲ ಹೇಳಿಕೊಡುತ್ತಿದ್ದಾಗ ಅನೋಮಾ ಹೊರಗೆ ಪಾರಿಜಾತದ ಮರದ ಕೆಳಗೆ ನಿಂತು ಹೋಟೆಲಿಗೆ ಫೋನು ಮಾಡುತ್ತಿದ್ದಳು. ಕೆರೆ ಕಾಣೋ ರೂಮೇ ತಾನೇ? ಮಂಚ ದೊಡ್ಡದು ತಾನೇ?

ಮಾತರ ಊರಿನ ದೊಡ್ಡಾಸ್ಪತ್ರೆಯಲ್ಲಿ ಇಪ್ಪತ್ತೇಳು ವರ್ಷದಿಂದ ಹುಣ್ಣಿಮೆಯ ಪಾಳಿ ಅನೋಮಾಳದೇ. ಬೇರೆ ನರ್ಸುಗಳಿಗೆ ಮಕ್ಕಳುಮರಿ, ವಿಹಾರ, ಬಿಳಿ ಸೀರೆ. ಅವಳು ಒಂಟಿ, ನಾನಿದ್ದೀನಿ ಹೋಗಿ ಅನ್ನುತ್ತಿದ್ದಳು. ಈ ಸಲ ಅವರೇ ಸೇರಿ ಅವಳಿಗೆ ರಜೆ ಕೊಡಿಸಿದ್ದರು. ಅವಳ ಕಣ್ಣಿಗೆ ಬಿದ್ದದ್ದು ರಜೆ ಮಾತ್ರ. ಅದು ಯಾವ ದಿನ ಎಂಬುದಲ್ಲ.

"ನನಗೆ ಹೇಳಬಾರದಿತ್ತಾ?"

"ಹುಣ್ಣಿಮೆ ದಿನ ಮಾಳಿಗಾವಕ್ಕೆ ಕರಕೊಂಡು ಬಂದೋಳು ನೀನು. ಇನ್ನೇನು, ಜಾರುಬಂಡೆ ಆಡ್ಲಾ?"

ಹನ್ನೆರಡಕ್ಕೆ ಇಪ್ಪತ್ತು ನಿಮಿಷವಿತ್ತು. ಯಸವತಿ ಚೀಲದಿಂದ ಬಾಳೆಲೆಯ ಪೊಟ್ಟಣ ತೆಗೆದು ನೆಲದ ಮೇಲೆ ಬಿಚ್ಚಿದಳು. ಅನ್ನ, ಬೇಳೆ, ತೆಂಗಿನಕಾಯಿ ಸಂಬಲ, ಹುರಿದ ಹಾಗಲ. ಕೆಳಗಿನ ಊಟದ ಮನೆಯಲ್ಲಿ ಏನೇನೋ ಸಾಲಾಗಿ ಇಟ್ಟಿದ್ದರು; ಅದನ್ನು ನೋಡಲು ಹೊತ್ತಿಲ್ಲ ಅಂದಳು. ಉಣ್ಣುತ್ತಾ ಮತ್ತೆ ಮಂಚದ ಕಡೆ ನೋಡಿದಳು. ಕಳ್ಳನನ್ನು ನೋಡಿದ ಹಾಗೆ ಅಲ್ಲ. ಮದುವೆಮನೆಯಲ್ಲಿ ಪರಿಚಯವಿಲ್ಲದ ದೊಡ್ಡವರನ್ನು ನೋಡಿದ ಹಾಗೆ.

ರೂಮು ಬೇಡವಾದರೆ ಮಧ್ಯಾಹ್ನ ಎರಡರೊಳಗೆ ಹೇಳಿದರೆ ಸಾಕು ಎಂದಿದ್ದರು ಹೋಟೆಲಿನವರು. ಚೀಲಗಳನ್ನು ಅಲ್ಲಿಯೇ ಬಿಟ್ಟು ಇಬ್ಬರೂ ಕೆರೆಯ ದಂಡೆ ಹಿಡಿದು ಯಾತ್ರಿಕರ ಛತ್ರಕ್ಕೆ ನಡೆದರು. ಹೊರಡುವಾಗ ಹೋಟೆಲಿನ ಬಾಗಿಲಲ್ಲಿ ಯಸವತಿ ಚಪ್ಪಲಿ ಕಳಚಿ ತೆಂಗಿನ ನಾರಿನ ಕಾಲೊರೆಸಿನ ಮೇಲೆ ನಿಂತು, ಪಾದ ತಿರುಗಿಸಿ ನೋಡಿ, "ಎರಡೆಳೆ ಅಷ್ಟೇ. ಹುರಿ ಸಡಿಲ. ಮೋಸ ಹೋಗಿದಾರೆ," ಅಂದು ಮುಂದೆ ಹೋಗಿದ್ದಳು. ಅನೋಮಾಗೆ ನಗು ಬಂತು, ಅಳುವೂ.

ಏನು ತಂದುಕೊಟ್ಟರೂ ಅಕ್ಕನ ಮೈಗೆ ಅದು ತಗಲುತ್ತಿರಲಿಲ್ಲ. ಮೊದಲ ಸಂಬಳದ ಸೀರೆ ಕಾಗದದ ಸಮೇತ ಅಲ್ಮೇರಾದಲ್ಲಿತ್ತು. ಫ್ಯಾನು ಡಬ್ಬದಲ್ಲೇ ಇತ್ತು, ಡಬ್ಬದ ಮೇಲೆ ಹೊದಿಕೆ, ಹೊದಿಕೆಯ ಮೇಲೆ ಹೂದಾನಿ. ಅಮ್ಮ ಸತ್ತಾಗ ಅನೋಮಾಗೆ ಐದು, ಯಸವತಿಗೆ ಹದಿನೆಂಟು. ವೆಲಿಗಮದ ಹಿನ್ನೀರಿನಲ್ಲಿ ತೆಂಗಿನ ಸಿಪ್ಪೆ ಕೊಳೆಹಾಕಿ, ಸೊಂಟದವರೆಗೆ ಆ ಕರಿ ನೀರಲ್ಲಿ ನಿಂತು ಎತ್ತಿ, ಬಡಿದು, ಹೊಸೆದು ಆಕೆ ತಂಗಿಯನ್ನು ನರ್ಸು ಮಾಡಿದಳು. ಅನೋಮಾ ಬೆಳಿಗ್ಗೆ ಎಷ್ಟು ಬೇಗ ಎದ್ದರೂ ಪಕ್ಕದ ಚಾಪೆ ಖಾಲಿ ಇರುತ್ತಿತ್ತು; ಮುಟ್ಟಿದರೆ ತಣ್ಣಗಿರುತ್ತಿತ್ತು. ಅಲ್ಮೇರಾದಲ್ಲಿ ಇಡಲಾಗದಂಥದ್ದೇನಾದರೂ ಕೊಡಬೇಕು ಅಂತ ಯೋಚಿಸಿ ಯೋಚಿಸಿ ಅವಳಿಗೆ ಹೊಳೆದದ್ದು ಈ ಹೋಟೆಲು.

ಛತ್ರದ ಹಜಾರದಲ್ಲಿ ಕಾಲಿಡಲು ಜಾಗವಿರಲಿಲ್ಲ. ಎಲ್ಲೆಲ್ಲೂ ಬಿಳಿ ಸೀರೆ, ಹುಲ್ಲಿನ ಚಾಪೆ, ಫ್ಲಾಸ್ಕು, ನೋವಿನೆಣ್ಣೆಯ ವಾಸನೆ. ಉಸ್ತುವಾರಿಯವನು ಕಿಟಕಿಯ ಕೆಳಗೆ ಎರಡು ಚಾಪೆಯಷ್ಟು ಜಾಗ ತೋರಿಸಿ, ಒಂದು ಚಾಪೆ ಹಾಸಿಕೊಟ್ಟ. ಯಸವತಿ ಅಲ್ಲಿ ಕೂತದ್ದೇ ತಡ, ಅವಳ ಬೆನ್ನು ಗೋಡೆಗೆ ಅಂಟಿಕೊಂಡಿತು, ಕಾಲು ಉದ್ದವಾಯಿತು.

"ಅಮ್ಮನ ಜೊತೆ ಬಂದಾಗ ಇಲ್ಲೇ ಮಲಗಿದ್ವಿ. ನೀನು ಆ ಕಂಬದ ಹತ್ರ ಉಚ್ಚೆ ಮಾಡಿದ್ದೆ."

"ಮೆಲ್ಲಗೆ ಹೇಳೇ."

"ಇಡೀ ಛತ್ರಕ್ಕೆ ಗೊತ್ತಾಗಿತ್ತು ಆವತ್ತು. ಈಗೇನು ನಾಚಿಕೆ?"

ಪಕ್ಕದ ಚಾಪೆಯ ಹೆಂಗಸು ಬಾಯಿಗೆ ಸೆರಗು ಹಿಡಿದು ನಕ್ಕಳು. ಕುರುಣೇಗಲದ ಕಡೆಯವಳು, ದಪ್ಪ ಕನ್ನಡಕ. ಹೆಸರೇನು, ಊರು ಯಾವುದು, ಮಂಡಿಗೆ ಏನು ಹಚ್ಚುತ್ತೀರಿ ಎಂದು ಮಾತು ಶುರುವಾಯಿತು. ಅನೋಮಾ ಕಂಬಕ್ಕೆ ಒರಗಿ ನಿಂತು ಗಡಿಯಾರ ನೋಡಿದಳು. ಒಂದೂವರೆ. ಅಕ್ಕ ಸುಖವಾಗಿದ್ದಾಳೆ, ಅಷ್ಟೇ ತಾನೇ ಬೇಕಾಗಿದ್ದು ಅಂದುಕೊಂಡಳು.

"ನೀನು ಇಲ್ಲೇ ಇರು. ರೂಮು ಬೇಡ ಅಂತ ಹೇಳಿ ಬಿಡ್ತೀನಿ."

"ಹ್ಞೂಂ, ಹೇಳು."

"ಸೀರೆ ಅಲ್ಮೇರಾಲಿಟ್ಟೆ. ಫ್ಯಾನು ಡಬ್ಬದಲ್ಲಿಟ್ಟೆ. ಇದನ್ನೆಲ್ಲಿ ಇಡ್ತೀಯ ನೋಡೋಣ ಅಂತ ತಂದೆ ಅಕ್ಕಾ. ಇದಕ್ಕೂ ಜಾಗ ಹುಡುಕಿಬಿಟ್ಟೆ ನೀನು."

ನಗುತ್ತಲೇ ಹೇಳಬೇಕೆಂದಿದ್ದಳು. ದನಿ ಹಾಗೆ ಬರಲಿಲ್ಲ. ಯಸವತಿ ಸೆರಗಿನ ಅಂಚನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹೊಸೆಯತೊಡಗಿದಳು. ಅನೋಮಾ ಬಾಗಿಲ ಹತ್ತಿರ ಹೋಗಿ ಫೋನು ತೆಗೆದಳು.

"ಯಾರದು, ಮಗಳಾ?" ಕನ್ನಡಕದ ಹೆಂಗಸು ಕೇಳುವುದು ಅಲ್ಲಿಗೂ ಕೇಳಿಸಿತು.

"ತಂಗಿ," ಅಂದಳು ಯಸವತಿ. ಸ್ವಲ್ಪ ತಡೆದು, ಹಗ್ಗದ ವ್ಯಾಪಾರಿಗೆ ಬೆಲೆ ಹೇಳುವಾಗಿನ ದನಿಯಲ್ಲಿ ಮುಂದುವರಿಸಿದಳು: "ದೊಡ್ಡಾಸ್ಪತ್ರೆ ನರ್ಸು. ಕೆರೆ ಪಕ್ಕ ಆ ದೊಡ್ಡ ಹೋಟೆಲಿದೆಯಲ್ಲ, ಅಲ್ಲಿ ನನಗೆ ರೂಮು ಹಿಡಿದಿದಾಳೆ. ಮಾಳಿಗಾವ ಎದುರಿಗೇ ಕಾಣುತ್ತೆ. ರಾತ್ರಿ ನಾನು ಅಲ್ಲೇ ಇರೋದು."

"ಅಯ್ಯಪ್ಪಾ! ಆ ಹೋಟೆಲಲ್ಲಾ?"

"ಅಲ್ಲೇ."

ಸುತ್ತಲಿನ ನಾಲ್ಕೈದು ಬಿಳಿ ಸೀರೆಗಳು ಈ ಕಡೆ ತಿರುಗಿದವು. ಯಸವತಿ ಒಂದು ಗಳಿಗೆ ಕೂತಳು. ಆಮೇಲೆ ಮಂಡಿಯ ಮೇಲೆ ಕೈಯೂರಿ ಎದ್ದು, ಚಾಪೆ ಸುತ್ತಿ ಉಸ್ತುವಾರಿಯವನಿಗೆ ಕೊಟ್ಟು, ಬಾಗಿಲಿಗೆ ಬಂದು ತಂಗಿಯ ಕೈಯಿಂದ ಫೋನು ಕಿತ್ತುಕೊಂಡಳು.

"ನಡಿ."

"ಎಲ್ಲಿಗೆ?"

"ಅಷ್ಟು ಜನರ ಎದುರಿಗೆ ಹೇಳಿಬಿಟ್ಟೆ. ಶೀಲ ತಗೊಂಡ ದಿನ ಸುಳ್ಳಾಗಬಾರದು. ಅದೂ ಎಂಟರಲ್ಲಿ ಒಂದೇ ತಾನೇ?"

"ಮತ್ತೆ ಮಂಚ?"

"ಮಂಚದ ಮೇಲೆ ಮಲಗ್ತೀನಿ ಅಂತ ಹೇಳಿಲ್ಲವಲ್ಲ. ನೆಲಾನೂ ಆ ಹೋಟೆಲಿಂದೇ."

ಹೋಟೆಲಿನಲ್ಲಿ ರೂಮುಗಳ ಉಸ್ತುವಾರಿ ಟಿಕಿರಿ ಬಂಡಾ ನರೆತ ಮೀಸೆಯವನು, ನಿವೃತ್ತಿಗೆ ಒಂದು ವರ್ಷ ಇದ್ದವನು. ಚಾಪೆ ಇದೆಯಾ ಎಂದು ಅನೋಮಾ ಕೇಳಿದಾಗ ಅವನು ಬಿಳಿ ಸೀರೆಯ ಕಡೆ ಒಮ್ಮೆ ನೋಡಿದ, ಎರಡನೇ ಮಾತು ಕೇಳಲಿಲ್ಲ. ಹತ್ತು ನಿಮಿಷಕ್ಕೆ ನೀಲಿ ಬಣ್ಣದ ರಬ್ಬರಿನ ಎರಡು ಸುರುಳಿಗಳೊಂದಿಗೆ ಬಂದ.

"ನಮ್ಮಲ್ಲಿರೋದು ಇದೇ ಉಪಾಸಕಮ್ಮ. ಬಿಳಿಯರು ಇದರ ಮೇಲೆ ತಲೆಕೆಳಗಾಗಿ ನಿಲ್ತಾರೆ."

"ನಾನು ತಲೆ ಮೇಲಿಟ್ಟುಕೊಂಡೇ ಮಲಗಿದ್ರೆ ಯಾರಾದರೂ ಬೈತಾರಾ?"

"ನಾನು ಬಾಗಿಲಲ್ಲೇ ಇರ್ತೀನಿ, ಯಾರನ್ನೂ ಬಿಡಲ್ಲ," ಅಂದ ಅವನು ಗಂಭೀರವಾಗಿ. ಸಂಜೆ ಮತ್ತೆ ಬಂದ. ಈ ಸಲ ತಟ್ಟೆಯ ಮೇಲೆ ಲೋಟದಲ್ಲಿ ಬಟ್ಟೆಯಿಂದ ಸೋಸಿದ ಹಣ್ಣಿನ ಪಾನಕ, ಒಂದು ಚೂರು ತಿರುಳೂ ಇಲ್ಲದಂತೆ. ಎರಡೂ ಕೈಯಲ್ಲಿ ಹಿಡಿದು, ಬಗ್ಗಿ ಕೊಟ್ಟ. ತನ್ನ ತಾಯಿಗೂ ಹೀಗೇ ಸೋಸಿ ಕೊಡುತ್ತಿದ್ದೆ, ಆಕೆ ಹೋಗಿ ನಾಲ್ಕು ವರ್ಷವಾಯಿತು, ಈ ಪುಣ್ಯ ಕೈ ತಪ್ಪಿಹೋಗಿತ್ತು ಅಂದ. ಯಸವತಿ ಲೋಟ ತೆಗೆದುಕೊಂಡು ಅವನ ತಲೆಯ ಮೇಲೆ ಕೈಯಿಟ್ಟಳು.

ಅನೋಮಾ ರಾತ್ರಿಯ ಊಟ ಬೇಡ ಅಂದದ್ದಕ್ಕೆ ಬೈಸಿಕೊಂಡಳು. ಹೋಗಿ ತಿಂದು ಬಾ, ಏನೇನಿತ್ತು ಅಂತ ಬಂದು ಹೇಳು ಎಂದು ಅಕ್ಕನೇ ತಳ್ಳಿದಳು. ಅನೋಮಾ ತಿಂದು ಬಂದು ಹೇಳಿದಳು: ಹದಿಮೂರು ಬಗೆಯ ಸಿಹಿ, ಐಸಿನಲ್ಲಿ ಕೆತ್ತಿದ ಆನೆ, ಎಮ್ಮೆಮೊಸರಿಗೆ ಕಿತ್ತುಲ್ ಮರದ ಜೋನಿಬೆಲ್ಲ. ಯಸವತಿ ಕಣ್ಣು ಮುಚ್ಚಿ ಒಂದೊಂದನ್ನೂ ಕೇಳಿಸಿಕೊಂಡಳು.

"ಬೆಲ್ಲ ಗಟ್ಟಿ ಇತ್ತಾ, ನೀರು ಬೆರೆಸಿದ್ರಾ?"

"ಗಟ್ಟಿ."

"ಒಳ್ಳೆ ಜನ."

ದೀಪ ಆರಿಸುವ ಮುಂಚೆ ಅನೋಮಾ ಎರಡನೇ ನೀಲಿ ಸುರುಳಿಯನ್ನೂ ಬಿಚ್ಚಿ ಪಕ್ಕದಲ್ಲಿ ಹಾಸಿದಳು.

"ನೀನ್ಯಾಕೆ? ನೀನೇನು ಶೀಲ ತಗೊಂಡಿದೀಯಾ? ಮಂಚ ಹತ್ತಿ ಮಲಗು."

"ಶೀಲದಲ್ಲಿರೋರಿಗಿಂತ ಎತ್ತರದಲ್ಲಿ ಮಲಗೋದು ಚೆಂದಾನಾ?"

"ಹಾಗಾದ್ರೆ ಆ ಮಂಚ ಯಾರಿಗೆ?"

"ಬಾತುಕೋಳಿಗೆ."

ಯಸವತಿ ನಕ್ಕಳು. ಕತ್ತಲಲ್ಲಿ ಸ್ವಲ್ಪ ಹೊತ್ತು ನಗುತ್ತಲೇ ಇದ್ದಳು. ಆಮೇಲೆ ಅವಳ ಕೈ ಬಂದು ತಂಗಿಯ ಮಣಿಕಟ್ಟು ಹಿಡಿಯಿತು. ಉಪ್ಪುಕಾಗದದಂಥ ಅಂಗೈ. "ಬೆಳಗಾದ ಮೇಲೆ ಎಂಟು ಬಿಟ್ಟು ದಿನದ ಐದು ತಗೊಂಡ್ರೆ ಆಯ್ತು," ಅಂದಳು, ಯಾರೋ ಕೇಳಿದವರಿಗೆ ಉತ್ತರ ಕೊಡುವಂತೆ.

ಬೆಳಗಿನ ಪೂಜೆಯ ಡೋಲು ಕೆರೆ ದಾಟಿ ಬಂದಾಗ ಅನೋಮಾಗೆ ಅರೆ ಎಚ್ಚರ. ಕಿಟಕಿಯ ಹತ್ತಿರ ಬಿಳಿ ಆಕೃತಿಯೊಂದು ಕೈ ಮುಗಿದು ಪಿಸುಗುಡುತ್ತಿತ್ತು. ಒಂದು ಶೀಲ, ಎರಡು, ಮೂರು, ನಾಲ್ಕು; ಐದಕ್ಕೆ ನಿಂತಿತು. ಅವಳಿಗೆ ಮತ್ತೆ ನಿದ್ದೆ ಹತ್ತಿತು.

ಮುಂದಿನ ಸಲ ಕಣ್ಣು ಬಿಟ್ಟಾಗ ರೂಮಿನ ತುಂಬ ಬೆಳಕಿತ್ತು. ಕೈ ಚಾಚಿದಳು. ಪಕ್ಕದ ನೀಲಿ ಹಾಸು ಖಾಲಿ, ತಣ್ಣಗೆ. ಐದು ವರ್ಷದವಳಾಗಿದ್ದಾಗ ಮಾಡುತ್ತಿದ್ದ ಹಾಗೆಯೇ ಇನ್ನೊಮ್ಮೆ ಮುಟ್ಟಿ ನೋಡಿದಳು. ಎದ್ದು ಕೂತಳು. ಸ್ನಾನದ ಮನೆಯ ಬಾಗಿಲು ತೆರೆದಿತ್ತು, ಒಳಗೆ ಯಾರೂ ಇಲ್ಲ. ಬಾತುಕೋಳಿ ಕುರ್ಚಿಯ ಮೇಲೆ ಕೂತಿತ್ತು, ಕತ್ತು ಒಂದಿಷ್ಟೂ ಸೊಟ್ಟಗಾಗದಂತೆ.

ಆಗ ಮೇಲಿನಿಂದ ಸದ್ದು ಕೇಳಿಸಿತು. ಒದ್ದೆ ಹಗ್ಗವನ್ನು ರಾಟೆಯಲ್ಲಿ ಎಳೆದಂತೆ, ನಿಧಾನವಾಗಿ, ಹೋಗಿ ಬಂದು.

ಯಸವತಿ ಮಂಚದ ನಟ್ಟನಡುವೆ ಅಂಗಾತ ಮಲಗಿದ್ದಳು. ಬಾಯಿ ತೆರೆದಿತ್ತು. ಎರಡು ಕೈಗಳೂ ಎರಡು ಕಡೆ ಚೆಲ್ಲಿದ್ದವು. ಬಿರುಕುಬಿಟ್ಟ ಹಿಮ್ಮಡಿಗಳು ಹಾಲಿನಂಥ ಹಾಸಿನ ಮೇಲೆ, ಒಂದರಿಂದ ಒಂದು ಮೊಳ ದೂರ. ಅಕ್ಕನಿಗೆ ಗೊರಕೆ ಇದೆ ಎಂಬುದು ಅನೋಮಾಗೆ ಐವತ್ತು ವರ್ಷದಲ್ಲಿ ಇವತ್ತು ಗೊತ್ತಾಯಿತು.

ಬಾಗಿಲ ಮೇಲೆ ಮೆಲ್ಲಗೆ ಬಡಿದ ಸದ್ದು. ತಿಂಡಿಗೆ ಕರೆಯಲು ಟಿಕಿರಿ ಬಂಡಾ. ಅನೋಮಾ ಬಾಗಿಲು ಸಂದು ಮಾಡಿ ತುಟಿಯ ಮೇಲೆ ಬೆರಳಿಟ್ಟಳು. ಅವನು ಅವಳ ಭುಜದ ಮೇಲಿಂದ ಒಳಗೆ ಇಣುಕಿ, ತಲೆಯಾಡಿಸಿ, ಬಂದ ಹೆಜ್ಜೆಯಲ್ಲೇ ಹಿಂದಕ್ಕೆ ಹೋದ.

ಕೆರೆಯ ಮೇಲಿನ ಬಿಸಿಲು ಆಗಲೇ ಮಂಚದ ಕಾಲು ಹತ್ತಿ, ಹಾಸಿನ ಅಂಚು ದಾಟಿ, ಅಕ್ಕನ ಮುಖದ ಕಡೆ ಬರುತ್ತಿತ್ತು. ಆಚೆ ದಡದಲ್ಲಿ ಚಿನ್ನದ ಚಾವಣಿ ಹೊತ್ತಿಕೊಂಡಂತೆ ಹೊಳೆಯುತ್ತಿತ್ತು. ಅನೋಮಾ ಬರಿಗಾಲಲ್ಲಿ ಕಿಟಕಿಯ ಹತ್ತಿರ ಹೋದಳು. ಹುರಿ ಹಿಡಿದು, ಸದ್ದಾಗದಂತೆ, ಅಷ್ಟಗಲದ ಪರದೆಯನ್ನು ಪೂರ್ತಿ ಎಳೆದಳು.